ನಾಲಿಗೆ ಕೆಳಗಿನ ಮಾತ್ರೆ, ನೂರಹತ್ತೊಂಬತ್ತು ಮೆಟ್ಟಿಲು

“ತಗೋ, ನಿನ್ನ ಮಾತ್ರೆ ನೀನೇ ಇಟ್ಕೋ. ಒಂದು ಚೂರೂ ಕೆಲಸ ಮಾಡಲ್ಲ ಇದು!”

ರುಬಿಯೆಮ್ ಅಜ್ಜಿ ಹೀಗೆಂದು ಮಾತ್ರೆಯ ಪಟ್ಟಿಯನ್ನು ನನ್ನ ಕಿಟಕಿಯೊಳಕ್ಕೆ ಎಸೆದಾಗ ಸರದಿಯಲ್ಲಿ ನಿಂತಿದ್ದವರೆಲ್ಲ ನನ್ನ ಮುಖ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸೆಂದಾಂಗ್‌ವಾರು ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ನಾನು ಕೂತು ಇಪ್ಪತ್ತೆರಡು ವರ್ಷವಾಯಿತು. ಮಾತ್ರೆ ಕಹಿ ಎಂದವರನ್ನು ನೋಡಿದ್ದೇನೆ, ಬಣ್ಣ ಚೆನ್ನಾಗಿಲ್ಲ ಎಂದವರನ್ನೂ ನೋಡಿದ್ದೇನೆ. ಮುಖಕ್ಕೆ ಎಸೆದವರು ಯಾರೂ ಇರಲಿಲ್ಲ.

“ಅಜ್ಜೀ, ಹೇಳಿದ ಹಾಗೆ ತಗೊಂಡ್ರಾ?”

“ಹೇಳಿದ ಹಾಗೇ! ನೋವು ಬಂದ್ರೆ ನಾಲಿಗೆ ಕೆಳಗೆ ಇಡಿ ಅಂದೆ, ಇಟ್ಟೆ. ಐದು ನಿಮಿಷ ಅಂದೆ, ಒಂದು ಪಾತ್ರೆ ಅನ್ನ ಬೇಯೋವರೆಗೆ ಕೂತೆ. ಎದೆ ಮೇಲೆ ಎಮ್ಮೆ ಕೂತಿತ್ತು, ಕೂತೇ ಇತ್ತು.”

“ದಿನಾ ತಗೊಳ್ಳೋ ಮಾತ್ರೆಗಳು?”

“ದಿನಾ ಯಾಕೆ? ನೋವೇನು ದಿನಾ ಬರುತ್ತಾ?”

ನಾನು ಹಲ್ಲು ಕಚ್ಚಿಕೊಂಡೆ. ಅಜ್ಜಿ ಕಿಟಕಿಯ ಸರಳು ಹಿಡಿದು ಮುಖ ಹತ್ತಿರ ತಂದಳು. “ವಿವಿಕ್, ರುವಾಹ್ ತಿಂಗಳಿಗೆ ಇನ್ನು ಮೂರೇ ತಿಂಗಳು ಉಳಿದಿರೋದು. ಅಷ್ಟರೊಳಗೆ ನನ್ನ ಮೇಲಕ್ಕೆ ಹತ್ತಿಸೋ ಮಾತ್ರೆ ಇದ್ರೆ ಕೊಡು. ಇಲ್ಲಾಂದ್ರೆ ಇಲ್ಲ ಅಂದ್ಬಿಡು.”

“ಮೇಲಕ್ಕೆ ಕಳಿಸೋ ಮಾತ್ರೆ ಬೇಕಾದ್ರೆ ಇಲ್ಲಿ ಯಾಕೆ ಬಂದ್ರಿ ಅತ್ತಿಗೆ? ಅಂಗಡೀಲಿ ಇಲಿಪಾಷಾಣ ಸಿಗುತ್ತಲ್ಲ!” ಹಿಂದಿನಿಂದ ಕೂಗಿದವನು ತುಗಿಮಾನ್. ಅಜ್ಜಿಯ ಗಂಡನ ತಮ್ಮ. ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಆಕೆಯನ್ನು ಕರೆತಂದವನೂ ಅವನೇ. ಸರದಿಯೆಲ್ಲ ನಕ್ಕಿತು. ಎಡಭುಜ ಹಿಡಿದುಕೊಂಡಿದೆ ಎಂದು ಅವನೂ ಅವತ್ತು ನನ್ನಿಂದ ಒಂದು ಮುಲಾಮು ಇಸಿದುಕೊಂಡು ಹೋದ. ಕೊಟ್ಟುಬಿಟ್ಟೆ, ಏನೂ ಕೇಳಲಿಲ್ಲ.

ಮೇಲೆ ಎಂದರೆ ನಮ್ಮೂರ ಗುಡ್ಡದ ನೆತ್ತಿ. ಸತ್ತವರೆಲ್ಲ ಅಲ್ಲಿದ್ದಾರೆ. ಉಪವಾಸದ ತಿಂಗಳಿಗೆ ಮುಂಚೆ, ರುವಾಹ್ ತಿಂಗಳಲ್ಲಿ ಒಂದು ದಿನ ಊರಿಗೆ ಊರೇ ಅನ್ನ, ಆಪೆಮ್ ಎಂಬ ಅಕ್ಕಿಹಿಟ್ಟಿನ ಸಿಹಿದೋಸೆ, ಹೂವು ಹೊತ್ತು ಹತ್ತುತ್ತದೆ. ಗೋರಿಗಳ ಮೇಲಿನ ಹುಲ್ಲು ಕಿತ್ತು, ಹೂ ಚೆಲ್ಲಿ, ಪ್ರಾರ್ಥಿಸಿ, ಒಟ್ಟಿಗೆ ಕೂತು ಉಂಡು ಇಳಿಯುತ್ತದೆ. ಕಲ್ಲಿನ ಮೆಟ್ಟಿಲು ನೂರಹತ್ತೊಂಬತ್ತು. ಅಜ್ಜಿಯ ಗಂಡ ಜುಮೆನೊ ನೆತ್ತಿಯ ಹಲಸಿನ ಮರದ ಪಕ್ಕ ಮಲಗಿದ್ದಾನೆ.

ಜುಮೆನೊ ತೇಗದ ಬಾಗಿಲು ಮಾಡುವ ಬಡಗಿಯಾಗಿದ್ದ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಾಗಿಲು ಹೊತ್ತು ಕೊಟ್ಟು ಬಂದವನು ಎದೆ ಬಿಗಿಯುತ್ತಿದೆ ಎಂದು ಚಾಪೆಯ ಮೇಲೆ ಕೂತ. ನಮ್ಮಲ್ಲಿ ಇದಕ್ಕೆ ಕೂತ ಗಾಳಿ ಎನ್ನುತ್ತಾರೆ. ಮೈಯೊಳಗೆ ಹೊಕ್ಕ ಗಾಳಿ ಎದೆಯಲ್ಲಿ ಕೂತುಬಿಟ್ಟಿದೆ, ಬೆನ್ನು ಕೆರೆದು ಎಬ್ಬಿಸಬೇಕು ಎಂಬುದು ನಂಬಿಕೆ. ಎಣ್ಣೆ ಸವರಿ, ನಾಣ್ಯದ ಅಂಚಿನಿಂದ ಬೆನ್ನೆಲುಬಿನ ಎರಡೂ ಕಡೆ ಗೆರೆ ಎಳೆಯುತ್ತಾರೆ. ಕೆಂಪು ಎದ್ದರೆ ಗಾಳಿ ಹೋಯಿತೆಂದು ಲೆಕ್ಕ. ನೆಗಡಿ, ಮೈಕೈ ನೋವು ಎಂದು ನಾನೂ ಎಷ್ಟೋ ಸಲ ಬೆನ್ನು ಕೊಟ್ಟವಳೇ. ಆ ಕೆಲಸದಲ್ಲಿ ರುಬಿಯೆಮ್ ಅಜ್ಜಿಯ ಕೈಯನ್ನು ಸುತ್ತ ಮೂರು ಊರಿನಲ್ಲಿ ಮೀರಿಸುವವರಿರಲಿಲ್ಲ. ಆಕೆಯ ಹತ್ತಿರ ಡಚ್ಚರ ಕಾಲದ ದಪ್ಪ ತಾಮ್ರದ ನಾಣ್ಯವೊಂದಿತ್ತು, ಅಂಚು ಸವೆದು ನುಣುಪಾಗಿತ್ತು.

ಆಕೆ ಗಂಡನ ಬೆನ್ನನ್ನು ಒಂದು ಗಂಟೆ ಕೆರೆದಳು. “ಇನ್ನೂ ಇದೆ ಕಣೇ, ದವಡೆಗೆ ಹತ್ತಿದೆ” ಎಂದ ಅವನು. ಆಕೆ ಇನ್ನಷ್ಟು ಒತ್ತಿ ಕೆರೆದಳು. ಬೆನ್ನು ತುಂಬ ಕೆಂಪು ಗೆರೆ ಎದ್ದವು. ಆಮೇಲೆ ಅವನು ಸುಮ್ಮನಾದ. ಗಾಳಿ ಹೋಯಿತು, ನಿದ್ದೆ ಬಂತು ಎಂದುಕೊಂಡ ಅಜ್ಜಿ ಮೇಲೊಂದು ಬಟ್ಟೆ ಹೊದಿಸಿ, ಶುಂಠಿ ಕಷಾಯ ಮಾಡಲು ಒಳಗೆ ಹೋದಳು. ಕಷಾಯ ತಂದು ಎಬ್ಬಿಸಿದರೆ ಅವನು ಏಳಲಿಲ್ಲ, ಉಸಿರು ನಿಂತಿತ್ತು.

ಯಾರೂ ಆಕೆಯನ್ನು ದೂರಲಿಲ್ಲ. ಕೂತ ಗಾಳಿ ಒಯ್ದಿತು ಎಂದರು, ಅಷ್ಟೆ. ಎರಡು ವರ್ಷವಾದ ಮೇಲೆ ಅದೇ ಮೆಟ್ಟಿಲು ಹತ್ತುವಾಗ ಅಜ್ಜಿಯ ಎದೆಯೂ ಹಿಡಿಯಿತು. ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷೆಗಳಾದವು, ಕಾಗದಗಳು ನಮ್ಮ ಕೇಂದ್ರದ ಡಾಕ್ಟರ್ ಪ್ರಿತಾ ಅವರ ಮೇಜಿಗೆ ಬಂದವು. ಚಿಕ್ಕ ವಯಸ್ಸಿನ ಹುಡುಗಿ, ಆದರೆ ಹೇಳುವುದನ್ನು ಬಿಡಿಸಿ ಹೇಳುತ್ತಾರೆ. “ಅಜ್ಜೀ, ಹೃದಯಕ್ಕೆ ರಕ್ತ ಕೊಡೋ ನಾಳ ಹೂಳು ತುಂಬಿದ ಗದ್ದೆಕಾಲುವೆ ಥರ ಆಗಿದೆ. ಕೂತಿದ್ದಾಗ ಸಾಲುತ್ತೆ, ಹತ್ತುವಾಗ ಸಾಲಲ್ಲ. ಆಗ ಎದೆ ಬಿಗಿಯುತ್ತೆ, ಎಡಗೈಗೆ ಇಳಿಯುತ್ತೆ, ದವಡೆಗೆ ಹತ್ತುತ್ತೆ.”

ದವಡೆ ಎಂಬ ಮಾತು ಕೇಳಿದ ಅಜ್ಜಿ ಮತ್ತೇನೂ ಕೇಳಲಿಲ್ಲ. ಕಾಗದ ಹಿಡಿದು ನೇರ ನನ್ನ ಕಿಟಕಿಗೆ ಬಂದಳು. ಅವತ್ತು ಸರದಿಯಲ್ಲಿ ಯಾರೂ ಇರಲಿಲ್ಲ.

“ವಿವಿಕ್, ಅವನಿಗೂ ಇದೇನಾ ಆಗಿದ್ದು?”

“ಇರಬಹುದು ಅಜ್ಜಿ.”

“ಇರಬಹುದು ಅಂತ ಸಮಾಧಾನ ಹೇಳ್ಬೇಡ. ಹೌದೋ, ಅಲ್ವೋ?”

“ಹೌದು ಅಂತ್ಲೇ ಕಾಣುತ್ತೆ.”

“ಕೆರೀತಾ ಕೂತ್ಕೊಳ್ಳೋ ಬದಲು ಗಾಡೀಲಿ ಹಾಕ್ಕೊಂಡು ಹೋಗಿದ್ರೆ?”

ಆಕೆ ಉತ್ತರಕ್ಕೆ ಕಾಯದೆ ಕಾಗದ ಮಡಚಿ ಹೊರಟಳು. ಅವತ್ತಿನಿಂದ ಯಾರ ಬೆನ್ನನ್ನೂ ಕೆರೆಯಲಿಲ್ಲ.

ಕಳೆದ ವರ್ಷ ರುವಾಹ್ ತಿಂಗಳಲ್ಲಿ ಹತ್ತಲು ಹೋಗಿ ನಲವತ್ತನೇ ಮೆಟ್ಟಿಲಿಗೇ ಕುಸಿದು ಕೂತಳು. ತುಗಿಮಾನ್ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ ತಂದು, “ಹತ್ತಿ ಕೂತ್ಕೊಳ್ಳಿ ಅತ್ತಿಗೆ, ರಾಣಿ ಥರ ಹೊತ್ಕೊಂಡು ಹೋಗ್ತೀವಿ” ಎಂದ. ಅಜ್ಜಿ ಅವನ ಮೇಲೆ ಹರಿಹಾಯ್ದಳು. “ತಪ್ಪಾಯ್ತು ಅಂತ ಹೇಳೋಕೆ ಹೋಗ್ತಿರೋಳು ನಾನು. ತಪ್ಪು ಒಪ್ಕೊಳ್ಳೋಕೆ ಯಾರಾದ್ರೂ ಪಲ್ಲಕ್ಕೀಲಿ ಹೋಗ್ತಾರೇನೋ? ನನ್ನ ಕಾಲಲ್ಲೇ ಹೋಗ್ತೀನಿ. ಈ ವರ್ಷ ಆಗದಿದ್ರೆ ಮುಂದಿನ ವರ್ಷ.” ಎಲ್ಲರೂ ಮೇಲೆ ಹೋದರು. ಆಕೆ ನಲವತ್ತನೇ ಮೆಟ್ಟಿಲಿನಿಂದ ಒಬ್ಬಳೇ ಇಳಿದಳು.

ಆ ಮುಂದಿನ ವರ್ಷ ಇದು. ಅದಕ್ಕೇ ಮಾತ್ರೆ ಎಸೆದ ಸಿಟ್ಟು.

ಆ ದಿನ ಕೆಲಸ ಮುಗಿಸಿ, ಆಕೆ ಎಸೆದ ಪಟ್ಟಿ ಹಿಡಿದುಕೊಂಡು ನಾನು ಅಜ್ಜಿಯ ಮನೆಗೆ ಹೋದೆ. ಜಗಳ ಅರ್ಧಕ್ಕೆ ನಿಂತರೆ ನನಗೆ ಊಟ ಸೇರುವುದಿಲ್ಲ. ಆಕೆ ಬಾವಿಯಿಂದ ನೀರು ತರುತ್ತಿದ್ದಳು. ನಾಲ್ಕು ಹೆಜ್ಜೆ ದಿಬ್ಬ ಹತ್ತಿದವಳೇ ಕೊಡ ಇಳಿಸಿ ಜಗುಲಿಯಲ್ಲಿ ಕೂತು ಎದೆ ಒತ್ತಿಕೊಂಡಳು. “ನೋಡು, ಬಂತು. ಈಗ ನಿನ್ನ ಕಣ್ಣೆದುರಿಗೇ ಇಡ್ತೀನಿ” ಎಂದು ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡು ಮಾತ್ರೆ ಬಿಡಿಸಿ ಬಾಯಿಗೆ ಹಾಕಿದಳು. ಕೂತೆವು. ಎರಡು ನಿಮಿಷವಾಗಿರಬೇಕು, ಅಜ್ಜಿ ಪಕ್ಕದ ಡಬ್ಬಿ ಎತ್ತಿ ಪಿಚಕ್ಕೆಂದು ಕೆಂಪಗೆ ಉಗಿದಳು. ಆ ಕೆಂಪಿನಲ್ಲಿ ಬಿಳಿಯದೊಂದು ಚೂರು ತೇಲುತ್ತಿತ್ತು.

“ಅಜ್ಜೀ! ಬಾಯಿ ತೆಗೀರಿ.”

ತೆಗೆದಳು. ಎಲೆ, ಅಡಿಕೆ, ಸುಣ್ಣ. ಸಾಲದ್ದಕ್ಕೆ ನಿಂಬೆಕಾಯಿಯಷ್ಟು ದಪ್ಪದ ಹೊಗೆಸೊಪ್ಪಿನ ಉಂಡೆ. ಐವತ್ತು ವರ್ಷದಿಂದ ಆ ಬಾಯಿ ಖಾಲಿ ಇದ್ದದ್ದೇ ಇಲ್ಲ. ನನಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂದವು.

“ಮಾತ್ರೆ ನಾಲಿಗೆ ಕೆಳಗೇ ಕರಗಿ ರಕ್ತಕ್ಕೆ ಸೇರ್ಬೇಕು ಅಜ್ಜಿ! ನುಂಗಬಾರ್ದು, ಉಗೀಬಾರ್ದು. ನೀವು ಇಷ್ಟು ದಿನದಿಂದ ಅದನ್ನ ಡಬ್ಬಿಗೆ ಕೊಡ್ತಿದ್ದೀರ. ಡಬ್ಬಿಗೆ ಎದೆನೋವು ಇದ್ದಿದ್ರೆ ಇಷ್ಟೊತ್ತಿಗೆ ವಾಸಿ ಆಗಿರೋದು!”

“ಬಾಯಲ್ಲಿ ಏನೂ ಇರಬಾರ್ದು ಅಂತ ನೀನು ಯಾವತ್ತು ಹೇಳ್ದೆ?”

ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಎಲ್ಲರಿಗೂ ನಾಲಿಗೆ ಕೆಳಗೆ ಇಡಿ ಎಂದೆನೇ ಹೊರತು ಬಾಯಲ್ಲಿ ಇನ್ನೇನಿದೆ ಎಂದು ಯಾರನ್ನೂ ಕೇಳಿರಲಿಲ್ಲ. ನಮ್ಮೂರಲ್ಲಿ ಎಲೆ ಹಾಕದ ಮುದುಕಿ ಯಾರಿದ್ದಾರೆ? ನನ್ನ ಮುಖದಲ್ಲಿ ನೀರಿಳಿಯಿತು.

ಬಾಯಿ ಮುಕ್ಕಳಿಸಲು ಹೇಳಿದೆ. ಇನ್ನೊಂದು ಮಾತ್ರೆ ಇಡಿಸಿದೆ. ಮೂರು ನಿಮಿಷ. ನಾಲ್ಕು. ಅಜ್ಜಿಯ ಹುಬ್ಬು ನಿಧಾನವಾಗಿ ಬಿಚ್ಚಿಕೊಂಡಿತು.

“ಎಮ್ಮೆ ಎದ್ದು ಹೋಯ್ತು ಕಣೇ” ಎಂದಳು ಮೆಲ್ಲಗೆ. ಮರುಗಳಿಗೆಗೆ, “ಅಯ್ಯೋ, ತಲೆ ಸಿಡೀತಿದೆ!”

“ಅದು ಮಾತ್ರೆ ಕೆಲಸ ಮಾಡ್ತಿರೋ ಗುರುತು. ರಕ್ತನಾಳ ಹಿಗ್ಗಿಸುತ್ತಲ್ಲ, ಅದಕ್ಕೆ. ಈಗ್ಲೇ ಎದ್ದೇಳ್ಬೇಡಿ, ತಲೆ ಸುತ್ತುತ್ತೆ.”

ಮರುದಿನ ಡಾಕ್ಟರ್ ಪ್ರಿತಾ ಅಜ್ಜಿಯನ್ನು ಕೂರಿಸಿಕೊಂಡು ಮೊದಲಿನಿಂದ ಹೇಳಿದರು. ಒಂದು ಮಾತ್ರೆ ಹೃದಯಕ್ಕೆ ಓಡಬೇಡ, ನಡಿ ಎನ್ನುವುದಕ್ಕೆ. ಅದನ್ನು ಒಮ್ಮೆಲೇ ಬಿಟ್ಟರೆ ನೋವು ಮೊದಲಿಗಿಂತ ಜೋರಾಗಿ ಬರುತ್ತದೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಿರಲಿ ಎಂದು. ಸಂಜೆಯದು ನಾಳದ ಕೊಬ್ಬು ಹೆಚ್ಚದಿರಲಿ ಎಂದು. ಇವು ಬಂದ ನೋವಿಗಲ್ಲ, ನೋವು ಬರದೆ ಇರುವುದಕ್ಕೆ.

“ಅಂದ್ರೆ ಬೇಲಿ ಇದ್ದ ಹಾಗೆ” ಎಂದಳು ಅಜ್ಜಿ. “ಮೇಕೆ ಬಂದ ದಿನ ಮಾತ್ರ ಬೇಲಿ ಕಟ್ಟೋಕಾಗಲ್ಲ.”

“ಹೂಂ. ಮತ್ತೆ ಆ ಹೊಗೆಸೊಪ್ಪು ಇದೆಯಲ್ಲ, ನಿಮ್ಮ ಬೇಲೀನ ಒಳಗಿಂದ ತಿನ್ನೋ ಗೆದ್ದಲು ಅದೇ.”

ಅಜ್ಜಿ ಮನೆಗೆ ಹೋದವಳೇ ಎಲೆಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮೊಳೆಗೆ ನೇತುಹಾಕಿದಳು. ಹನ್ನೊಂದು ದಿನ ಆಕೆಯ ಅಂಗಳ ದಾಟಲು ಊರಿನ ನಾಯಿಯೂ ಹೆದರಿತು. ಬೆಲ್ಲದ ಚೂರು ಚಪ್ಪರಿಸುತ್ತಾ ಕಂಡವರಿಗೆಲ್ಲ ಬೈದಳು, ನನಗಂತೂ ದಿನಕ್ಕೆರಡು ಸಲ. ಹನ್ನೆರಡನೇ ದಿನ ಬಂದು, “ಇವತ್ತು ಯಾರಿಗೂ ಬೈಬೇಕು ಅನ್ನಿಸ್ಲಿಲ್ಲ, ಏನಾದ್ರೂ ಕಾಯಿಲೆನಾ?” ಎಂದಳು. ಜಗಮೊಂಡಿ! ನಾನು ಅಂಥ ಹಟ ಬೇರೆಲ್ಲೂ ಕಂಡಿಲ್ಲ.

ಅಲ್ಲಿಂದ ಮೆಟ್ಟಿಲಿನ ಅಭ್ಯಾಸ. ಮೊದಲ ವಾರ ಹತ್ತು ಮೆಟ್ಟಿಲು, ಇಳಿಯುವುದು. ಆಮೇಲೆ ಹದಿನೈದು. ತಿಂಗಳಿಗೊಮ್ಮೆ ಡಾಕ್ಟರು ನಾಡಿ, ರಕ್ತದೊತ್ತಡ ನೋಡಿ, ಹೃದಯ ನಿಧಾನಿಸುವ ಮಾತ್ರೆಯನ್ನು ಸ್ವಲ್ಪ ಹೆಚ್ಚಿಸಿದರು. ಹತ್ತುವ ಮುಂಚೆ ಕೂತು ಒಂದು ಮಾತ್ರೆ ನಾಲಿಗೆ ಕೆಳಗೆ ಇಟ್ಟು, ಐದು ನಿಮಿಷ ಕಾದು ಏಳಬೇಕು ಎಂದರು. ದಾರಿಯಲ್ಲಿ ನೋವು ಬಂದರೆ ಅಲ್ಲೇ ಕೂರಬೇಕು, ಇನ್ನೊಂದು ಇಡಬೇಕು. ಐದು ನಿಮಿಷಕ್ಕೆ ಇಳಿಯದಿದ್ದರೆ ಆಸ್ಪತ್ರೆ, ಚರ್ಚೆಯೇ ಇಲ್ಲ. ಅಜ್ಜಿ ಇದನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಕೊಂಡಳು. ಎರಡೂವರೆ ತಿಂಗಳಿಗೆ ಎಪ್ಪತ್ತು ಮೆಟ್ಟಿಲು ನೋವಿಲ್ಲದೆ ಹತ್ತಿದಳು. ದಿನದ ಮಾತ್ರೆ ಒಂದೂ ತಪ್ಪಿಸಲಿಲ್ಲ.

ಆ ದಿನ ಬಂತು. ಬೆಳಿಗ್ಗೆ ಏಳಕ್ಕೇ ಊರೆಲ್ಲ ಗುಡ್ಡದ ಬುಡದಲ್ಲಿ ಸೇರಿತ್ತು. ತುಗಿಮಾನ್ ಅನ್ನದ ದೊಡ್ಡ ಬುಟ್ಟಿ ಹೆಗಲಿಗೇರಿಸಿದ್ದ. ಬಿದಿರು ಕಟ್ಟಿದ ಕುರ್ಚಿಯನ್ನು ಇಬ್ಬರ ಕೈಲಿ ಹೊರಿಸಿ ಹಿಂದೆ ಬರಲು ಹೇಳಿದ್ದ. “ಕೋಪ ಮಾಡ್ಕೋಬೇಡಿ ಅತ್ತಿಗೆ, ಕುರ್ಚಿ ನಿಮಗಲ್ಲ. ನಿಮ್ಮ ಮಾತ್ರೆಗೆ ಸುಸ್ತಾದ್ರೆ ಕೂತ್ಕೊಳ್ಳೋಕೆ” ಎಂದ.

ಅಜ್ಜಿ ಹೊಸ ಬಟ್ಟೆ ಉಟ್ಟಿದ್ದಳು. ಸೊಂಟದ ಪಟ್ಟಿಯೊಳಗಿಂದ ತಾಮ್ರದ ನಾಣ್ಯ ತೆಗೆದು ನನಗೆ ತೋರಿಸಿದಳು. “ಇದನ್ನ ಅವನ ಪಕ್ಕದಲ್ಲಿ ಹೂತು ಬರ್ತೀನಿ.” ಮಾತ್ರೆ ಇಟ್ಟುಕೊಂಡು, ಐದು ನಿಮಿಷ ಕೂತು, ಎದ್ದಳು.

ನಲವತ್ತನೇ ಮೆಟ್ಟಿಲನ್ನು ನಿಲ್ಲದೆ ದಾಟಿದಳು. ಅರವತ್ತರಲ್ಲಿ ಕೂತು ನೀರು ಕುಡಿದಳು. ಎಂಬತ್ತರಲ್ಲಿ ಇನ್ನೊಮ್ಮೆ ಕೂತಳು. ನಾನು ಬೆನ್ನಿಗೇ ಇದ್ದೆ. ನನ್ನ ಎದೆಯೇ ಡವಗುಟ್ಟುತ್ತಿತ್ತು, ಆಕೆಯದಲ್ಲ. ತೊಂಬತ್ತೇಳಕ್ಕೆ ಬಂದಾಗ ಹಲಸಿನ ಮರದ ತುದಿ ಕಾಣಿಸಿತು. “ಇನ್ನು ಇಪ್ಪತ್ತೆರಡು” ಎಂದಳು ಅಜ್ಜಿ.

ಅಷ್ಟರಲ್ಲಿ ನಮ್ಮ ಮುಂದಿದ್ದ ತುಗಿಮಾನ್ ಬುಟ್ಟಿಯನ್ನು ದಬಕ್ಕನೆ ಇಳಿಸಿದ. ಕೂತ. ಮುಖ ಬೂದಿಯಾಗಿತ್ತು, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ.

“ಅತ್ತಿಗೆ, ಗಾಳಿ ಕೂತುಬಿಟ್ಟಿದೆ. ದವಡೆಗೆ ಹತ್ತಿದೆ.”

ಅವನ ಅಣ್ಣ ಹೇಳಿದ್ದ ಅದೇ ಮಾತು, ಹೆಚ್ಚು ಕಡಿಮೆ ಅದೇ ದನಿ. ಜನ ಮುತ್ತಿದರು. ಯಾರೋ ಅವನ ಅಂಗಿ ಬಿಚ್ಚಿದರು, ಇನ್ಯಾರೋ ಎಣ್ಣೆ ಶೀಶೆ ತಂದರು. “ಅಜ್ಜೀ, ಕೆರೀರಿ! ನಿಮ್ಮ ಕೈಗಿಂತ ಇನ್ನೇನು ಬೇಕು?” “ಬೇಗ ಅಜ್ಜೀ!” ತುಗಿಮಾನ್ ಬೆನ್ನು ತಿರುಗಿಸಿ ಕೂತು, “ನಾಣ್ಯ ನಿಮ್ಮ ಸೊಂಟದಲ್ಲೇ ಇದೆ, ನಂಗೊತ್ತು. ಕೆರೀರಿ ಅತ್ತಿಗೆ” ಎಂದ.

ಆಕೆ ಒಮ್ಮೆ ಮೇಲೆ, ಹಲಸಿನ ಮರದ ಕಡೆ ನೋಡಿದಳು. ಒಮ್ಮೆ ಆ ಬೆನ್ನು ನೋಡಿದಳು.

“ಕೆರೆಯಲ್ಲ.”

“ಸಾಯ್ತಾ ಇದ್ದೀನಿ ಅತ್ತಿಗೆ!”

“ಅದಕ್ಕೇ ಕೆರೆಯಲ್ಲ. ಕುರ್ಚಿ ತನ್ನಿ! ಯಾರು ಎಣ್ಣೆ ತಂದೋರು? ಆಚೆ ಎಸೀರಿ ಅದನ್ನ! ವಿವಿಕ್, ನನ್ನ ಮಾತ್ರೆ ಇವನಿಗೆ ಇಡ್ಲಾ?”

“ಬೇಡ ಅಜ್ಜಿ, ರಕ್ತದೊತ್ತಡ ನೋಡದೆ ಅದು ಬೇಡ.” ಆಗಲೇ ನನ್ನ ಕಿವಿಯಲ್ಲಿ ಫೋನ್ ಇತ್ತು. ಹೊಟ್ಟೆಹುಣ್ಣು ಇದೆಯಾ, ಯಾವ ಮಾತ್ರೆಯಾದರೂ ಮೈಗೆ ಆಗದ್ದು ಇದೆಯಾ ಎಂದು ಡಾಕ್ಟರ್ ಪ್ರಿತಾ ಕೇಳಿದರು. ಇಲ್ಲ ಎಂದ ಮೇಲೆ, ಅಜ್ಜಿಯ ಪೊಟ್ಟಣದಿಂದಲೇ ಆಸ್ಪಿರಿನ್ ತೆಗೆದು ಅಗಿಯಲು ಕೊಡಿ, ಗಾಡಿ ಕಳಿಸುತ್ತೇನೆ, ಒಂದು ಹೆಜ್ಜೆಯೂ ನಡೆಸಬೇಡಿ ಎಂದರು.

ತುಗಿಮಾನ್ ಮಾತ್ರೆ ಅಗಿದ. ಕುರ್ಚಿ ನೋಡಿ ಮಾತ್ರ ತಲೆ ಅಲ್ಲಾಡಿಸಿದ. “ಇದರಲ್ಲಿ ಹೋದ್ರೆ ಊರು ನಗುತ್ತೆ.”

“ನಗ್ಲಿ. ಕೂತ್ಕೋ.”

“ನೀವು ಬಂದ್ರೆ ಬರ್ತೀನಿ.” ಅವನು ಆಕೆಯ ಮಣಿಕಟ್ಟು ಹಿಡಿದ.

“ಬರ್ತೀನಿ ಕಣೋ. ಕೂತ್ಕೋ.”

ನಾಲ್ವರು ಎತ್ತಿದರು. ಅಜ್ಜಿ ಕುರ್ಚಿಯ ಪಕ್ಕದಲ್ಲೇ, ಅವನ ಕೈ ಬಿಡದೆ, ತೊಂಬತ್ತೇಳು ಮೆಟ್ಟಿಲು ಇಳಿದಳು. ಒಮ್ಮೆಯೂ ಹಿಂತಿರುಗಿ ಮೇಲೆ ನೋಡಲಿಲ್ಲ. ನಾನು ನೋಡಿದೆ. ಅಳು ತಡೆಯಲಾಗಲಿಲ್ಲ.

ಹೃದಯದ ಒಂದು ನಾಳ ಪೂರ್ತಿ ಮುಚ್ಚಿತ್ತಂತೆ. ಜಿಲ್ಲಾಸ್ಪತ್ರೆಯಲ್ಲಿ ಅದನ್ನು ಬಿಡಿಸಿದರು. ಸಕಾಲಕ್ಕೆ ತಂದಿರಿ ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಅಜ್ಜಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಾನು ಸಮಾಧಾನಕ್ಕೆಂದು, “ಇನ್ನು ಇಪ್ಪತ್ತೆರಡೇ ಇತ್ತು ಅಜ್ಜಿ” ಎಂದೆ. “ಮೆಟ್ಟಿಲು ಎಲ್ಲಿಗೂ ಓಡಿಹೋಗಲ್ಲ. ಊಟಕ್ಕೇನಾದ್ರೂ ತಂದಿದ್ಯಾ?” ಎಂದಳು.

ಉಪವಾಸದ ತಿಂಗಳಲ್ಲಿ ಹಗಲಿನ ಮಾತ್ರೆಗಳ ಹೊತ್ತನ್ನು ಡಾಕ್ಟರು ಬದಲಿಸಿ ಕೊಟ್ಟರು. ಹಬ್ಬ ಕಳೆದು ಎರಡು ವಾರಕ್ಕೆ, ಒಂದು ಶುಕ್ರವಾರ ಬೆಳಿಗ್ಗೆ, ನಾವು ಮೂವರು ಗುಡ್ಡದ ಬುಡಕ್ಕೆ ಹೋದೆವು. ತುಗಿಮಾನ್‌ಗೆ ಹತ್ತುವ ಅಪ್ಪಣೆ ಇನ್ನೂ ಇರಲಿಲ್ಲ. ಮೊದಲ ಮೆಟ್ಟಿಲ ಮೇಲೆ ಅವನನ್ನು ಕೂರಿಸಿ ಅಜ್ಜಿ ಕೇಳಿದಳು:

“ಬೆಳಗ್ಗಿನದು ತಗೊಂಡ್ಯಾ? ಬಾಯಿ ತೆಗಿ.”

“ಅತ್ತಿಗೆ, ನಂಗೆ ಐವತ್ತೊಂಬತ್ತು ವರ್ಷ!”

“ಬಾಯಿ ತೆಗಿ.”

ತೆಗೆದ. ನನ್ನ ಕಿಟಕಿಯಲ್ಲೂ ಈಗ ಇದೇ ನಡೆಯುತ್ತದೆ. ನಾಲಿಗೆ ಕೆಳಗಿನ ಮಾತ್ರೆ ಬೇಕಾದವರು ಮೊದಲು ಬಾಯಿ ತೆರೆದು ತೋರಿಸಬೇಕು. ನನಗೆ ಹಲ್ಲು ಡಾಕ್ಟರ್ ಎಂದು ಅಡ್ಡಹೆಸರು ಬಿದ್ದಿದೆ. ಬೀಳಲಿ.

ಅಜ್ಜಿ ಮಾತ್ರೆ ಇಟ್ಟುಕೊಂಡಳು, ಕಾದಳು, ಹತ್ತಿದಳು. ನಾಲ್ಕು ಕಡೆ ಕೂತಳು. ನೋವು ಬರಲಿಲ್ಲ. ನೂರಹತ್ತೊಂಬತ್ತನೆಯದರ ಮೇಲೆ ನಿಂತು ಉಸಿರು ಬಿಟ್ಟು, “ಆಯ್ತು” ಎಂದಳಷ್ಟೆ.

ಗೋರಿಯ ಮೇಲಿನ ಹುಲ್ಲು ಕಿತ್ತೆವು, ಹೂ ಚೆಲ್ಲಿದೆವು, ಪ್ರಾರ್ಥಿಸಿದೆವು. ಅಜ್ಜಿ ನಾಣ್ಯ ತೆಗೆದು ಅಂಗೈಯಲ್ಲಿಟ್ಟು ನೋಡಿದಳು. ಮಣ್ಣು ಬಗೆಯಲು ನಾನು ಕಡ್ಡಿ ಹುಡುಕುತ್ತಿದ್ದರೆ ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹೂಳಲ್ವಾ?”

“ಬೇಡ. ನಾನು ಕೈಬಿಟ್ರೆ ಜನ ಇನ್ನೊಬ್ಬಳ ಹತ್ರ ಹೋಗ್ತಾರೆ, ಅವಳಿಗೆ ಯಾರು ಹೇಳ್ಕೊಡ್ತಾರೆ? ನೆಗಡಿ ಬಂದೋರ್ನ ನಾನು ಕೆರೀತೀನಿ. ಎದೆ ಹಿಡ್ಕೊಂಡು ಬಂದೋರ್ನ ನಿನ್ನ ಕಿಟಕಿಗೆ ಓಡಿಸ್ತೀನಿ. ಈಗ ನೀನು ಸ್ವಲ್ಪ ಆಚೆ ಹೋಗು.”

ಹಲಸಿನ ಮರದಾಚೆ ಹೋಗಿ ನಿಂತೆ. ಆದರೂ ಕೇಳಿಸಿತು. ಆಕೆ ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹೇಳಿದಳು.

“ತಪ್ಪಾಯ್ತು ಕಣಪ್ಪ. ಅವತ್ತು ನಂಗೆ ಗೊತ್ತಿರ್ಲಿಲ್ಲ.” ಚೆಲ್ಲಿದ ಹೂ ಸರಿಮಾಡಿ, “ನಿನ್ನ ತಮ್ಮ ಕೆಳಗೆ ಮೊದಲ್ನೇ ಮೆಟ್ಟಿಲ ಮೇಲೆ ಕೂತಿದಾನೆ. ಅವನನ್ನ ಕೆರೀಲಿಲ್ಲ ನಾನು.”

ಕೆಳಗಿನಿಂದ ತುಗಿಮಾನ್ ಕೂಗಿದ್ದು ಗುಡ್ಡಕ್ಕೆಲ್ಲ ಕೇಳಿಸಿತು. “ಅತ್ತಿಗೇ, ಮಾತು ಮುಗೀತಾ? ನಂಗೆ ಹಸಿವಾಗ್ತಿದೆ!”